ಗುಲಗಂಜಿ ಹುಳುವನ್ನು ಎಲ್ಲಿಂದ ತರಬೇಕು? ಕೈತೋಟದಲ್ಲಿ ಮಿತ್ರಕೀಟಗಳು ನೆಲೆಸುವಂತೆ ಮಾಡುವ ಕ್ರಮ

ಚಳಿಗಾಲ ಕಾಲಿಡುತ್ತಿದ್ದಂತೆ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಅವರೆಯ ಕುಡಿಗೆ ಕಪ್ಪು ಹೇನು (ಗಿಡದ ರಸ ಹೀರುವ ಸಸ್ಯಹೇನು) ಮುತ್ತಿದೆ, ದಾಸವಾಳದ ಕಾಂಡಕ್ಕೆ ಬಿಳಿ ಹಿಟ್ಟು ಮೆತ್ತಿದಂತಾಗಿದೆ, ಗುಲಗಂಜಿ ಹುಳುಗಳನ್ನು ಬಿಟ್ಟರೆ ಸರಿಹೋಗುತ್ತದೆ ಎಂದು ಕೇಳಿದ್ದೇವೆ, ಅವನ್ನು ಎಲ್ಲಿ ಕೊಳ್ಳಬೇಕು? ಬಹುಪಾಲು ಮನೆಗಳಲ್ಲಿ ಕೊಳ್ಳುವ ಅಗತ್ಯವೇ ಇರುವುದಿಲ್ಲ. ಹೇನು ಬಂದ ಕೆಲವೇ ದಿನಗಳಲ್ಲಿ ಅದನ್ನು ತಿನ್ನುವ ಕೀಟಗಳೂ ತಾವಾಗಿಯೇ ಹುಡುಕಿಕೊಂಡು ಬಂದು ಅಲ್ಲೇ ಮೊಟ್ಟೆ ಇಡುತ್ತವೆ. ಅವು ಕಣ್ಣಿಗೆ ಬೀಳುವಷ್ಟು ದೊಡ್ಡದಾಗುವ ಮೊದಲೇ ನಾವು ಔಷಧಿ ಸಿಂಪಡಿಸಿ ಎರಡನ್ನೂ ಒಟ್ಟಿಗೆ ಕೊಂದುಬಿಡುತ್ತೇವೆ. ಆದ್ದರಿಂದ ಬಂದ ಕೀಟಗಳನ್ನು ಗುರುತಿಸಿ ಉಳಿಸಿಕೊಳ್ಳುವುದು ಮತ್ತು ವರ್ಷವಿಡೀ ಅವುಗಳಿಗೆ ಆಹಾರ ಸಿಗುವಂತೆ ನೋಡಿಕೊಳ್ಳುವುದೇ ಈ ಮಾರ್ಗದರ್ಶಿಯ ಮುಖ್ಯ ವಿಷಯ. ದಕ್ಷಿಣ ಕರ್ನಾಟಕದ ಬಯಲುಸೀಮೆಯ ಹವೆಯನ್ನು, ಅದರಲ್ಲೂ ಬೆಂಗಳೂರು, ಮೈಸೂರುಗಳ ತಾರಸಿ ತೋಟ ಮತ್ತು ಸಣ್ಣ ಹಿತ್ತಲುಗಳನ್ನು ಗಮನದಲ್ಲಿಟ್ಟು ಇದನ್ನು ಬರೆದಿದ್ದೇನೆ. ಮಲೆನಾಡು, ಕರಾವಳಿಯವರು ಬಿತ್ತನೆಯ ಕಾಲವನ್ನು ತಮ್ಮ ಮಳೆಗೆ ಹೊಂದಿಸಿಕೊಳ್ಳಬೇಕು.

ಮುಂದೆ ಪದೇ ಪದೇ ಬರುವ ಮೂರು ಪದಗಳ ಅರ್ಥವನ್ನು ಮೊದಲೇ ಹೇಳಿಬಿಡುತ್ತೇನೆ. ಬೇರೆ ಕೀಟಗಳನ್ನು ಹಿಡಿದು ತಿನ್ನುವ ಗುಲಗಂಜಿ ಹುಳು, ಜೇಡ, ಏರೋಪ್ಲೇನ್ ಚಿಟ್ಟೆ ಮೊದಲಾದವು ಪರಭಕ್ಷಕಗಳು. ಇವುಗಳಲ್ಲಿ ಜೇಡವು ಕೀಟವರ್ಗಕ್ಕೆ ಸೇರದಿದ್ದರೂ ತೋಟಕ್ಕೆ ಅದರಿಂದಾಗುವ ಉಪಕಾರ ದೊಡ್ಡದು. ಬೇರೊಂದು ಕೀಟದ ಮೈಯೊಳಗೆ ಅಥವಾ ಮೊಟ್ಟೆಯೊಳಗೆ ತನ್ನ ಮೊಟ್ಟೆಯನ್ನಿಟ್ಟು, ಹೊರಬಂದ ಮರಿ ಆ ಕೀಟವನ್ನೇ ಒಳಗಿನಿಂದ ತಿಂದು ಬೆಳೆಯುವಂಥ ಸಣ್ಣ ಕಣಜಗಳನ್ನು ಪರಾವಲಂಬಿಗಳೆಂದು ಕರೆಯುತ್ತಾರೆ. ಇವು ಮನುಷ್ಯರನ್ನು ಕಚ್ಚುವುದಿಲ್ಲ, ಹೆಚ್ಚಿನವು ನಮ್ಮ ಕಣ್ಣಿಗೆ ಬೀಳುವುದೂ ಇಲ್ಲ. ಹೂವಿನ ಪರಾಗವನ್ನು ಒಂದು ಹೂವಿನಿಂದ ಇನ್ನೊಂದಕ್ಕೆ ಒಯ್ದು ಕಾಯಿ ಕಟ್ಟಲು ನೆರವಾಗುವ ಜೇನು, ದುಂಬಿ, ಪತಂಗಗಳು ಪರಾಗಸ್ಪರ್ಶಕಗಳು.

ಬೇಕಾಗುವ ಸಾಮಗ್ರಿ

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಕೈಮಸೂರ, ಅಡುಗೆಮನೆಯಲ್ಲಿರುವ ಧನಿಯಾ, ಸಾಸಿವೆ ಮತ್ತು ಅಲಸಂದೆ ಕಾಳು, ಬೀಜದ ಅಂಗಡಿಯಿಂದ ತಂದ ಸಬ್ಬಸಿಗೆ ಮತ್ತು ಹುಚ್ಚೆಳ್ಳಿನ ಬೀಜ, ಎರಡು ಅಗಲವಾದ ಮಣ್ಣಿನ ತಟ್ಟೆ, ಒಂದಿಷ್ಟು ಬೆಣಚುಕಲ್ಲು, ತೆಳುವಾದ ಬಿದಿರಿನ ಕೆಲವು ತುಂಡುಗಳು ಮತ್ತು ಟಿಪ್ಪಣಿಗೆ ಒಂದು ನೋಟ್‌ಪುಸ್ತಕ ಇದ್ದರೆ ಸಾಕು. ಧನಿಯಾವನ್ನು ಬಿತ್ತುವ ಮುನ್ನ ಮೆಲ್ಲಗೆ ಉಜ್ಜಿ ಎರಡು ಹೋಳಾಗಿಸಬೇಕು. ಇಡೀ ಕಾಳನ್ನು ಹಾಕಿದರೆ ಮೊಳಕೆ ತಡವಾಗುತ್ತದೆ. ಹುರಿದ ಅಥವಾ ಬಹಳ ಹಳೆಯ ಧನಿಯಾ ಮೊಳೆಯುವುದಿಲ್ಲ.

1. ಮೊದಲ ಹದಿನೈದು ದಿನ ಬರೀ ನೋಡಿ, ಗುರುತಿಸಿ

ಎಲ್ಲರೂ ದಾಟಿಕೊಂಡು ಹೋಗುವ ಹಂತವಿದು, ಅತ್ಯಂತ ಮುಖ್ಯವಾದದ್ದೂ ಇದೇ. ದಿನವೂ ಬೆಳಿಗ್ಗೆ ಹತ್ತು ನಿಮಿಷ ಎಲೆಗಳ ಕೆಳಮೈಯನ್ನು, ಕುಡಿಗಳನ್ನು, ಮೊಗ್ಗಿನ ಬುಡವನ್ನು ಮಸೂರದಲ್ಲಿ ನೋಡಿ, ಕಂಡದ್ದನ್ನು ಬರೆದಿಡಿ. ಮಿತ್ರಕೀಟಗಳನ್ನು ಪೂರ್ಣ ಬೆಳೆದ ರೂಪದಲ್ಲಿ ಮಾತ್ರ ಗುರುತಿಸಲು ಬರುವವರು ಅವುಗಳ ಮರಿಗಳನ್ನು ಪೀಡೆಯೆಂದು ತಿಳಿದು ಹೊಸಕುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ.

ಗುಲಗಂಜಿ ಹುಳುವಿನಿಂದಲೇ ಪ್ರಾರಂಭಿಸೋಣ. ಕೆಂಪು ಅಥವಾ ಕಿತ್ತಳೆ ಬೆನ್ನಿನ ಮೇಲೆ ಕಪ್ಪು ಗುರುತುಗಳಿರುವ, ಹೊಳೆಯುವ ಆ ದುಂಡು ಹುಳು ಎಲ್ಲರಿಗೂ ಗೊತ್ತು. ಅದರ ಮೊಟ್ಟೆಗಳು ಹಳದಿ ಬಣ್ಣದವಾಗಿದ್ದು, ಎಲೆಯ ಕೆಳಗೆ ಹತ್ತಾರು ಒಂದೆಡೆ ನೆಟ್ಟಗೆ ನಿಲ್ಲಿಸಿಟ್ಟಂತೆ ಕಾಣುತ್ತವೆ. ಕೆಲವು ದಿನಗಳಲ್ಲಿ ಅವುಗಳಿಂದ ಹೊರಬರುವ ಮರಿಗೆ ತಾಯಿಯ ಹೋಲಿಕೆ ಸ್ವಲ್ಪವೂ ಇರುವುದಿಲ್ಲ: ಬೂದುಗಪ್ಪು ಮೈ, ಕಿತ್ತಳೆ ಚುಕ್ಕೆ, ಆರು ಕಾಲು, ನೀಳವಾದ ಬಾಲದ ಕಡೆ ಇರುವ ಇದನ್ನು ನೋಡಿದರೆ ಸಣ್ಣ ಮೊಸಳೆಯ ನೆನಪಾಗುತ್ತದೆ. ಸುಮಾರು ಎರಡು ವಾರ ಈ ರೂಪದಲ್ಲಿರುವ ಮರಿ ಅಷ್ಟರಲ್ಲಿ ನೂರಾರು ಹೇನುಗಳನ್ನು ತಿಂದು, ಬಳಿಕ ಎಲೆಗೆ ಅಂಟಿಕೊಂಡು ಅಲುಗಾಡದ ಕೋಶವಾಗುತ್ತದೆ. ಆ ಕೋಶವನ್ನು ಕೆರೆದು ತೆಗೆಯಬೇಡಿ.

ಇದರ ಒಂದು ಜಾತಿ ಹೆಚ್ಚಿನ ಗೊಂದಲಕ್ಕೆ ಕಾರಣವಾಗುತ್ತದೆ. ಗಿಡಕ್ಕೆ ಬಿಳಿ ಹಿಟ್ಟಿನಂತೆ ಮೆತ್ತಿಕೊಂಡು ರಸ ಹೀರುವ ಹಿಟ್ಟು ತಿಗಣೆಯನ್ನು ತಿನ್ನುವ ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳು ಆಸ್ಟ್ರೇಲಿಯಾದ ಮೂಲದ್ದು. ಕಾಫಿಯ ಹಸಿರು ಶಲ್ಕ ಕೀಟದ ಹತೋಟಿಗಾಗಿ 1898ರಲ್ಲಿ ಭಾರತಕ್ಕೆ ತಂದದ್ದು. ಬೆಳೆದ ಹುಳು ಕಪ್ಪಗಿದ್ದು ತಲೆಯ ಕಡೆ ಕಂದುಗೆಂಪಾಗಿರುತ್ತದೆ. ಆದರೆ ಇದರ ಮರಿಯ ಮೈತುಂಬ ಬಿಳಿ ಮೇಣದ ಎಳೆಗಳಿದ್ದು, ನೋಡಲು ಅದು ತಿನ್ನುವ ಹಿಟ್ಟು ತಿಗಣೆಯಂತೆಯೇ ಇರುತ್ತದೆ. ವರ್ಷಗಳ ಹಿಂದೆ ನಾನೇ ದಾಸವಾಳದ ಗಿಡದಿಂದ ಇಂಥ ಮರಿಗಳನ್ನು ಹಳೆಯ ಬ್ರಷ್ಷಿನಿಂದ ಉಜ್ಜಿ ತೆಗೆದು ಸೋಪಿನ ನೀರಿಗೆ ಹಾಕಿದ್ದೆ. ಎರಡನ್ನೂ ಬೇರೆ ಮಾಡುವ ಸುಲಭ ದಾರಿ ಹೀಗಿದೆ: ಹಿಟ್ಟು ತಿಗಣೆ ಕೂತಲ್ಲೇ ಕೂತಿರುತ್ತದೆ ಅಥವಾ ಬಲು ನಿಧಾನವಾಗಿ ಸರಿಯುತ್ತದೆ, ಕ್ರಿಪ್ಟೋಲೀಮಸ್ ಮರಿ ಅದಕ್ಕಿಂತ ಸಾಕಷ್ಟು ದೊಡ್ಡದಾಗಿ ಬೆಳೆಯುತ್ತದೆ, ಅದರ ಮೇಣದ ಎಳೆಗಳು ಉದ್ದವಾಗಿರುತ್ತವೆ ಮತ್ತು ಹುಲ್ಲುಕಡ್ಡಿಯಿಂದ ಮುಟ್ಟಿದರೆ ಚುರುಕಾಗಿ ಓಡುತ್ತದೆ.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಬದನೆ ಎಲೆಯ ಮೇಲೆ ಕಾಣುವ, ಮಂಕಾದ ಕಂದು ಬೆನ್ನಿನ ಮೇಲೆ ಇಪ್ಪತ್ತೆಂಟು ಚುಕ್ಕೆಗಳಿರುವ ಜೀರುಂಡೆಯೂ ಗುಲಗಂಜಿ ಹುಳುವಿನ ಕುಟುಂಬದ್ದೇ, ಆದರೆ ಅದು ಎಲೆ ತಿನ್ನುತ್ತದೆ. ಅದರ ಬೆನ್ನಿಗೆ ಹೊಳಪಿಲ್ಲ, ಸಣ್ಣ ರೋಮಗಳಿವೆ. ಮರಿ ಹಳದಿಯಾಗಿದ್ದು ಮೈತುಂಬ ಮುಳ್ಳಿನಂಥ ಕವಲುಗಳಿರುತ್ತವೆ. ಅದು ತಿಂದ ಎಲೆಯಲ್ಲಿ ಹಸಿರು ಹೋಗಿ ನರಗಳ ಬಲೆ ಮಾತ್ರ ಉಳಿದಿರುತ್ತದೆ. ಇದನ್ನು ಕೈಯಿಂದ ಆರಿಸಿ ತೆಗೆಯಬೇಕು.

ಹೂನೊಣ, ಅಂದರೆ ಸಿರ್ಫಿಡ್ ನೊಣ, ಜೇನಿನಂತೆ ಹಳದಿ–ಕಪ್ಪು ಪಟ್ಟೆ ಹೊತ್ತು ಹೂವಿನ ಮುಂದೆ ಗಾಳಿಯಲ್ಲಿ ನಿಂತಲ್ಲೇ ನಿಲ್ಲುವ ಸಣ್ಣ ನೊಣ. ಅದಕ್ಕೆ ಕೊಂಡಿಯಿಲ್ಲ. ಹೇನಿನ ಗುಂಪಿನ ನಡುವೆ ಅದು ಒಂಟಿ ಮೊಟ್ಟೆ ಇಡುತ್ತದೆ. ಮರಿಗೆ ಕಾಲುಗಳಿಲ್ಲ, ಮೈ ಮಾಸಲು ಹಸಿರು ಅಥವಾ ತಿಳಿ ಬಿಳುಪು, ಒಂದು ತುದಿ ಚೂಪು. ಎಲೆ ತಿನ್ನುವ ಹುಳುವೆಂದು ಭಾವಿಸಿ ಹೆಚ್ಚಿನವರು ಇದನ್ನು ಕಿತ್ತು ಎಸೆಯುತ್ತಾರೆ. ಎಲೆಗೆ ತೂತಾಗಿದೆಯೇ ಎಂದು ಮೊದಲು ನೋಡಿ. ಹೇನಿನ ಗುಂಪಿನ ನಡುವೆ ಹುಳುವಿದ್ದು ಎಲೆಗೆ ತೂತಿಲ್ಲದಿದ್ದರೆ ಆ ಹುಳು ನಿಮ್ಮ ಕೆಲಸವನ್ನೇ ಮಾಡುತ್ತಿದೆ.

ಕೂದಲೆಳೆಯಂಥ ಕಡ್ಡಿಯ ತುದಿಯಲ್ಲಿ ಒಂದೊಂದೇ ಮೊಟ್ಟೆ ನಿಂತಿರುವುದನ್ನು ಕಂಡರೆ ಅದು ಜಾಲರೆಕ್ಕೆ ಕೀಟದ್ದು. ತಿಳಿ ಹಸಿರು ಮೈಯ, ಬಲೆ ನೇಯ್ದಂಥ ರೆಕ್ಕೆಗಳ ಈ ಕೀಟ ರಾತ್ರಿ ದೀಪಕ್ಕೆ ಬರುವುದನ್ನು ನೀವು ನೋಡಿರಬಹುದು. ಕುಡುಗೋಲಿನಂಥ ದವಡೆಗಳಿರುವ ಅದರ ಮರಿ ಹೇನು, ಬಿಳಿ ನೊಣದ ಮರಿ, ಸಣ್ಣ ಮೊಟ್ಟೆಗಳನ್ನೆಲ್ಲ ಹೀರಿ ಮುಗಿಸುತ್ತದೆ. ಕೆಲವು ಜಾತಿಯ ಮರಿಗಳು ತಿಂದ ಕೀಟಗಳ ಸಿಪ್ಪೆ, ಕಸವನ್ನು ಬೆನ್ನ ಮೇಲೆ ಹೊತ್ತು ತಿರುಗುವುದರಿಂದ ನಡೆಯುವ ಕಸದ ಉಂಡೆಯಂತೆ ಕಾಣುತ್ತವೆ.

ಪರಾವಲಂಬಿ ಕಣಜಗಳನ್ನು ಅವುಗಳ ಗುರುತಿನಿಂದಲೇ ತಿಳಿಯಬೇಕು. ಹೇನಿನ ಗುಂಪಿನಲ್ಲಿ ಕೆಲವು ಊದಿಕೊಂಡು, ಗೋಧಿ ಬಣ್ಣಕ್ಕೆ ತಿರುಗಿ, ಅಲುಗಾಡದೆ ಅಂಟಿಕೊಂಡಿದ್ದರೆ ಅವುಗಳೊಳಗೆ ಕಣಜದ ಮರಿ ಬೆಳೆಯುತ್ತಿದೆ ಎಂದರ್ಥ. ದುಂಡಗಿನ ತೂತು ಕಂಡರೆ ಕಣಜ ಆಗಲೇ ಹೊರಟುಹೋಗಿದೆ. ಕಂಬಳಿಹುಳು ಅಥವಾ ಹಸಿರು ಹುಳುವಿನ ಮೈಮೇಲೆ, ಪಕ್ಕದಲ್ಲಿ ಅಕ್ಕಿಕಾಳಿಗಿಂತ ಚಿಕ್ಕದಾದ ಬಿಳಿ ಅಥವಾ ಹಳದಿ ಗೂಡುಗಳ ಗೊಂಚಲಿದ್ದರೆ ಅದು ಹುಳುವಿನ ಮೊಟ್ಟೆಯಲ್ಲ, ಅದನ್ನು ಕೊಂದ ಕಣಜಗಳ ಕೋಶ. ಆ ಎಲೆಯನ್ನು ಹಾಗೆಯೇ ಬಿಡಿ.

ಗುಲಾಬಿ ಎಲೆಯ ಅಂಚಿನಲ್ಲಿ ಕತ್ತರಿಯಿಂದ ಬಿಲ್ಲೆ ತೆಗೆದಂತೆ ದುಂಡಗಿನ ಕಚ್ಚುಗಳಾದಾಗ ಗಾಬರಿಯಾಗಬೇಡಿ. ಎಲೆಕತ್ತರಿ ಜೇನು ತನ್ನ ಗೂಡಿನ ಒಳಗೋಡೆಗೆ ಆ ತುಂಡುಗಳನ್ನು ಒಯ್ದಿರುತ್ತದೆ. ಅದು ಎಲೆ ತಿನ್ನುವುದಿಲ್ಲ, ಗಿಡಕ್ಕೆ ಹಾನಿಯೂ ಇಲ್ಲ. ಕಿಟಕಿಯ ಮೂಲೆಯಲ್ಲಿ ಮಣ್ಣಿನ ಪುಟ್ಟ ಮಡಕೆ ಕಟ್ಟುವ ಕುಂಬಾರ ಹುಳು ತನ್ನ ಮರಿಗಾಗಿ ಅದರೊಳಗೆ ಹಸಿರು ಹುಳುಗಳನ್ನು ತುಂಬಿಡುತ್ತದೆ. ಒಂದು ಮಡಕೆಯೊಳಗೆ ಹಲವಾರು ಹುಳುಗಳಿರುತ್ತವೆ, ಅವೆಲ್ಲ ನಿಮ್ಮ ತೋಟದಿಂದಲೇ ಹೋದವು. ಸುಣ್ಣ ಬಳಿಯುವವರಿಗೆ ಆ ಮಡಕೆಯನ್ನು ಕೆಡವದಂತೆ ಮೊದಲೇ ಹೇಳಿಡಿ.

2. ಸಿಂಪಡಣೆಯನ್ನು ನಿಲ್ಲಿಸಿ

ಅಂಗಡಿಯವರು ಹಿಟ್ಟು ತಿಗಣೆಗೆಂದು ಕೊಡುವ ಇಮಿಡಾಕ್ಲೋಪ್ರಿಡ್‌ನಂಥವು ಅಂತರ್ವ್ಯಾಪಿ ಕೀಟನಾಶಕಗಳು, ಅಂದರೆ ಗಿಡದ ರಸದೊಳಗೆ ಸೇರಿ ಎಲ್ಲ ಭಾಗಕ್ಕೂ ಹರಡುವಂಥವು. ಅವು ಹೂವಿನ ಮಕರಂದ ಮತ್ತು ಪರಾಗಕ್ಕೂ ತಲುಪುವುದರಿಂದ ಸಿಂಪಡಿಸಿದ ಎಷ್ಟೋ ದಿನಗಳ ಮೇಲೂ ಜೇನು, ಹೂನೊಣಗಳಿಗೆ ವಿಷವಾಗಿಯೇ ಇರುತ್ತವೆ. ತಿನ್ನುವ ತರಕಾರಿಯ ತೋಟದಲ್ಲಿ ಇವುಗಳಿಗೆ ಜಾಗವಿರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ನರ್ಸರಿಯಿಂದ ತಂದ ಹೂಗಿಡಕ್ಕೆ ಇಂಥ ಔಷಧಿ ಹಾಕಿರುವ ಸಂಭವವಿರುವುದರಿಂದ ತರುವಾಗಲೇ ವಿಚಾರಿಸಿ. ಸಾಧ್ಯವಾದರೆ ಮಿತ್ರಕೀಟಗಳಿಗಾಗಿ ಬೆಳೆಸುವ ಹೂವುಗಳನ್ನು ಬೀಜದಿಂದಲೇ ಬೆಳೆಸಿ.

ಬೇವಿನೆಣ್ಣೆ ಸಾವಯವ ಎಂಬ ಕಾರಣಕ್ಕೆ ವಾರಕ್ಕೊಮ್ಮೆ ಮುನ್ನೆಚ್ಚರಿಕೆಯಾಗಿ ಇಡೀ ತೋಟಕ್ಕೆ ಸಿಂಪಡಿಸುವ ರೂಢಿ ಹರಡಿದೆ. ಇದೂ ತಪ್ಪು. ಎಣ್ಣೆ ಮತ್ತು ಸೋಪು ಮೆತ್ತಗಿನ ಮೈಯ ಕೀಟಗಳನ್ನು ಕೊಲ್ಲುತ್ತವೆ. ಹೂನೊಣದ ಮರಿ, ಗುಲಗಂಜಿಯ ಎಳೆಯ ಮರಿಗಳ ಮೈಯೂ ಮೆತ್ತಗೆಯೇ. ಬೇವನ್ನು ಔಷಧಿಯಾಗಿ ಬಳಸಬೇಕು, ಕಾಯಿಲೆ ಇರುವ ಕೊಂಬೆಗೆ ಮಾತ್ರ. ಅದರ ಕ್ರಮವನ್ನು ಏಳನೆಯ ಹಂತದಲ್ಲಿ ಹೇಳಿದ್ದೇನೆ.

ಹಳದಿ ಅಂಟುಪಟ್ಟಿಯ ಬಗೆಗೂ ಒಂದು ಎಚ್ಚರಿಕೆ ಅಗತ್ಯ. ಬಿಳಿ ನೊಣಗಳಿಗೆಂದು ತೂಗುಹಾಕಿದ ಪಟ್ಟಿಗೆ ಹೂನೊಣ, ಪರಾವಲಂಬಿ ಕಣಜ, ಗುಲಗಂಜಿ ಹುಳುಗಳೂ ಅಂಟಿ ಸಾಯುತ್ತವೆ. ಬಿಳಿ ನೊಣ ಹೆಚ್ಚಿರುವ ವಾರಗಳಲ್ಲಿ ಮಾತ್ರ, ಎಲೆಗಳ ಮಟ್ಟದಲ್ಲಿ ಕಟ್ಟಿ, ಸಂಖ್ಯೆ ಇಳಿದ ಕೂಡಲೇ ತೆಗೆದುಬಿಡಿ. ಹೂವಿರುವ ಕುಂಡದ ಪಕ್ಕ ಕಟ್ಟಲೇಬೇಡಿ. ಹಾಗಲ, ಹೀರೆಗಳ ಹಣ್ಣು ನೊಣಕ್ಕೆ ಬಳಸುವ ಕ್ಯೂ ಲ್ಯೂರ್ ಬಲೆಯಲ್ಲಿ ಈ ತೊಂದರೆಯಿಲ್ಲ. ಅದರ ವಾಸನೆಗೆ ಮುಖ್ಯವಾಗಿ ಗಂಡು ಹಣ್ಣು ನೊಣಗಳೇ ಬರುವುದರಿಂದ ಅದನ್ನು ನಿಶ್ಚಿಂತೆಯಿಂದ ಬಳಸಬಹುದು.

3. ಹೂವು ತಪ್ಪದಂತೆ ಬಿತ್ತನೆ ಮಾಡಿ

ಹೂನೊಣದ ಮರಿ ಹೇನು ತಿಂದರೂ ಬೆಳೆದ ನೊಣಕ್ಕೆ ಬೇಕಾದದ್ದು ಮಕರಂದ ಮತ್ತು ಪರಾಗ. ಪರಾವಲಂಬಿ ಕಣಜಗಳಿಗೂ, ಜಾಲರೆಕ್ಕೆ ಕೀಟಗಳಿಗೂ ಹಾಗೆಯೇ. ಹೂವಿಲ್ಲದ ತೋಟಕ್ಕೆ ಬಂದ ಕಣಜ ಕೆಲವೇ ಮೊಟ್ಟೆ ಇಟ್ಟು ಹೊರಟುಹೋಗುತ್ತದೆ ಅಥವಾ ಬೇಗ ಸಾಯುತ್ತದೆ. ಇವುಗಳ ಬಾಯಿ ಬಹಳ ಗಿಡ್ಡವಾದುದರಿಂದ ದಾಸವಾಳ, ಗುಲಾಬಿಗಳಂಥ ದೊಡ್ಡ ಹೂವುಗಳಿಂದ ಅವುಗಳಿಗೆ ಪ್ರಯೋಜನವಿಲ್ಲ. ಮಕರಂದ ಮೇಲ್ಮೈಯಲ್ಲೇ ಸಿಗುವ ಪುಟ್ಟ ಹೂವುಗಳು ಬೇಕು. ಕೊಡೆಯಂತೆ ಅರಳುವ ಕೊತ್ತಂಬರಿ, ಸಬ್ಬಸಿಗೆ, ಸೋಂಪಿನ ಹೂವುಗಳು ಇದಕ್ಕೆ ಅತ್ಯುತ್ತಮ. ನಾವು ಸೊಪ್ಪಿಗೆಂದು ಬೆಳೆದು ಹೂ ಬರುವ ಮೊದಲೇ ಕಿತ್ತುಬಿಡುವ ಗಿಡಗಳಿವು. ಪ್ರತಿ ಬಿತ್ತನೆಯಲ್ಲೂ ಕಾಲುಭಾಗವನ್ನು ಹೂವಿಗೆ ಬಿಡುವುದನ್ನು ರೂಢಿ ಮಾಡಿಕೊಳ್ಳಿ.

ಕೊತ್ತಂಬರಿಯನ್ನು ಮೂರು ವಾರಕ್ಕೊಮ್ಮೆ ಒಂದೊಂದು ಕುಂಡದಲ್ಲಿ ಬಿತ್ತುತ್ತ ಹೋದರೆ ಒಂದು ಕುಂಡದ ಹೂ ಮುಗಿಯುವ ಹೊತ್ತಿಗೆ ಮತ್ತೊಂದು ಅರಳಿರುತ್ತದೆ. ಬೆಚ್ಚಗಿನ ತಿಂಗಳುಗಳಲ್ಲಿ ಅದು ಒಂದೂವರೆ ತಿಂಗಳಿಗೇ ಹೂವಿಗೆ ತಿರುಗುತ್ತದೆ. ಸೊಪ್ಪಿಗೆ ಬೆಳೆಯುವವರಿಗೆ ಇದು ತಲೆನೋವು, ನಮಗೆ ಲಾಭ. ಸಾಸಿವೆ ಇನ್ನೂ ಬೇಗ ಅರಳುತ್ತದೆ. ಕೊಯ್ಲಿಗೆ ತಡವಾಗಿ ಬಲಿತ ಮೂಲಂಗಿಯನ್ನು ಕೀಳದೆ ಬಿಟ್ಟರೆ ಅದೂ ವಾರಗಟ್ಟಲೆ ಹೂ ಕೊಡುತ್ತದೆ. ನಮ್ಮ ರಾಗಿ ಹೊಲಗಳಲ್ಲಿ ಅಕ್ಕಡಿ ಸಾಲಿಗೆ, ಅಂದರೆ ಮುಖ್ಯ ಬೆಳೆಯ ನಡುನಡುವಿನ ಸಾಲಿಗೆ, ಅವರೆ, ಸಾಸಿವೆ, ಹುಚ್ಚೆಳ್ಳು ಹಾಕುತ್ತಿದ್ದ ಪದ್ಧತಿಯನ್ನು ಬಲ್ಲವರಿಗೆ ಈ ಮಾತು ಹೊಸದಲ್ಲ. ಹುಚ್ಚೆಳ್ಳಿನ ಹಳದಿ ಹೂವಿಗೆ ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನು ಮುಗಿಬೀಳುತ್ತದೆ. ತಾರಸಿಯ ಅಂಚಿನಲ್ಲಿ ಎರಡು ಉದ್ದನೆಯ ಕುಂಡಗಳಲ್ಲಿ ಹಾಕಿದರೂ ಸಾಕು.

ವರ್ಷವಿಡೀ ಹೂ ಬಿಡುವ ಒಂದೆರಡು ಗಿಡಗಳು ಆಧಾರದಂತೆ ಇರಬೇಕು. ಕಾಮಕಸ್ತೂರಿ ಮತ್ತು ತುಳಸಿ ಇದಕ್ಕೆ ಯೋಗ್ಯ; ತುಳಸಿಯ ಕದಿರನ್ನು ಆಗಾಗ ಚಿವುಟುವವರು ಒಂದು ಗಿಡವನ್ನಾದರೂ ಚಿವುಟದೆ ಬಿಡಲಿ. ನೆಲವಿದ್ದರೆ ತುಂಬೆ ಗಿಡವನ್ನು ಕಳೆಯೆಂದು ಕೀಳಬೇಡಿ, ನುಗ್ಗೆ ಮತ್ತು ಕರಿಬೇವು ಮರವಾಗಿ ಹೂಬಿಡಲು ಅವಕಾಶ ಕೊಡಿ. ಅಲಸಂದೆಗೆ ಇನ್ನೊಂದು ವಿಶೇಷವಿದೆ: ಹೂವಿನ ಹೊರಗೂ ಸಿಹಿರಸ ಒಸರುವ ಗ್ರಂಥಿಗಳು ಅದರಲ್ಲಿವೆ, ಹೂ ಇಲ್ಲದ ದಿನಗಳಲ್ಲೂ ಕಣಜಗಳು ಅದನ್ನರಸಿ ಬರುತ್ತವೆ.

ಚೆಂಡು ಹೂವಿನ ವಿಷಯದಲ್ಲಿ ಎರಡು ಬೇರೆ ಬೇರೆ ಉಪಯೋಗಗಳನ್ನು ಒಂದೆಂದು ತಿಳಿಯಬಾರದು. ಟೊಮೆಟೊದ ಕಾಯಿಕೊರಕಕ್ಕೆ ಸೆಳೆಬೆಳೆಯಾಗಿ, ಅಂದರೆ ಪೀಡೆಯನ್ನು ತನ್ನತ್ತ ಸೆಳೆದು ಮುಖ್ಯ ಬೆಳೆಯನ್ನು ಉಳಿಸುವ ಗಿಡವಾಗಿ, ದೊಡ್ಡ ಚೆಂಡು ಹೂವನ್ನು ಬಳಸುವ ಕ್ರಮವನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿತು. ಹದಿನಾರು ಸಾಲು ಟೊಮೆಟೊಗೆ ಒಂದು ಸಾಲು ಚೆಂಡು ಹೂ, 25 ದಿನದ ಟೊಮೆಟೊ ಸಸಿಯ ಜೊತೆಗೆ 45 ದಿನದ ಚೆಂಡು ಹೂವಿನ ಸಸಿಯನ್ನು ನೆಡುವುದು ಅಲ್ಲಿನ ಶಿಫಾರಸು. ಟೊಮೆಟೊ ಹೂ ಬಿಡುವ ಹೊತ್ತಿಗೆ ಚೆಂಡು ಹೂವೂ ಅರಳಿರಲಿ ಎಂಬುದೇ ವಯಸ್ಸಿನ ಈ ಅಂತರಕ್ಕೆ ಕಾರಣ. ಸೆಳೆಬೆಳೆ ಎಂದ ಮೇಲೆ ಅದರ ಮೊಗ್ಗುಗಳಲ್ಲಿ ಸೇರುವ ಹುಳುಗಳನ್ನು ಆಗಾಗ ಆರಿಸಿ ತೆಗೆಯಲೇಬೇಕು, ಇಲ್ಲದಿದ್ದರೆ ಪೀಡೆಯನ್ನು ಸಾಕಿದಂತಾಗುತ್ತದೆ. ಮಿತ್ರಕೀಟಗಳಿಗೆ ಆಹಾರವಾಗಲೆಂದು ನೆಡುವುದಾದರೆ ದಟ್ಟ ಎಸಳಿನ ತಳಿ ಉಪಯೋಗಕ್ಕೆ ಬಾರದು, ಅಷ್ಟು ಎಸಳುಗಳ ನಡುವೆ ಕೀಟಗಳಿಗೆ ಮಕರಂದ ಎಟುಕುವುದಿಲ್ಲ. ಒಂದೇ ಸುತ್ತು ಎಸಳಿರುವ ಚೆಂಡು ಹೂ, ಕಾಸ್ಮಾಸ್, ಸೂರ್ಯಕಾಂತಿಗಳನ್ನು ಆರಿಸಿ.

ಚಿಟ್ಟೆ ಬರುತ್ತದೆ ಎಂದು ಲಂಟಾನವನ್ನು ಮಾತ್ರ ನೆಡಬೇಡಿ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡುಗಳನ್ನು ಅದು ಎಷ್ಟು ಆಕ್ರಮಿಸಿದೆ ಎಂಬುದನ್ನು ಕಂಡವರು ಯಾರೂ ಅದರ ಬೀಜವನ್ನು ಹಕ್ಕಿಗಳಿಗೆ ಒದಗಿಸಲಾರರು.

4. ಸ್ವಲ್ಪ ಹೇನನ್ನು ಬದುಕಲು ಬಿಡಿ

ಹೇನು ಒಂದೂ ಇಲ್ಲದ ತೋಟದಲ್ಲಿ ಗುಲಗಂಜಿ ಹುಳು ಮೊಟ್ಟೆ ಇಡುವುದಿಲ್ಲ. ಮರಿಗೆ ಆಹಾರವಿಲ್ಲದ ಕಡೆ ಅದು ನಿಲ್ಲುವುದಾದರೂ ಏಕೆ? ತರಕಾರಿಯಿಂದ ಕೆಲವು ಅಡಿ ದೂರದಲ್ಲಿ ಒಂದು ಕುಂಡ ಅಲಸಂದೆಯನ್ನೋ ಸಾಸಿವೆಯನ್ನೋ ಮಿತ್ರಕೀಟಗಳಿಗಾಗಿಯೇ ಬಿಟ್ಟುಕೊಡಿ. ಅದಕ್ಕೆ ಹೇನು ಹತ್ತಿದರೆ ಮುಟ್ಟಬೇಡಿ. ಅಲಸಂದೆಯ ಹೇನು ಟೊಮೆಟೊ, ಬದನೆಗಳಿಗೆ ಅಷ್ಟಾಗಿ ಹೋಗದು; ಆದರೆ ಅವರೆ, ಹುರುಳಿಕಾಯಿಗಳಿಗೆ ಹೋಗುತ್ತದೆ, ಆದ್ದರಿಂದ ಅವುಗಳ ಪಕ್ಕ ಈ ಕುಂಡವನ್ನಿಡದೆ ದೂರವಿಡಿ.

ಹೇನು ಅತಿಯಾಗಿ ಬರುವುದಕ್ಕೆ ಗೊಬ್ಬರವೂ ಕಾರಣವಿರಬಹುದು. ಸಾರಜನಕ, ಅಂದರೆ ಎಲೆ ಬೆಳವಣಿಗೆಗೆ ಬೇಕಾದ ಪೋಷಕಾಂಶ, ಹೆಚ್ಚಾದರೆ ಕುಡಿಗಳು ಮೆತ್ತಗಾಗಿ ರಸ ಹೀರುವ ಕೀಟಗಳಿಗೆ ಹಬ್ಬವಾಗುತ್ತದೆ. ಯೂರಿಯಾವನ್ನು ಕೈಬಿಟ್ಟವರು ಹಿಂಡಿಯ ನೀರನ್ನು ವಾರಕ್ಕೆರಡು ಸಲ ಹಾಕುತ್ತಿದ್ದರೆ ಪರಿಣಾಮ ಅದೇ.

5. ನೀರು, ನೆಲೆ

ಅಗಲವಾದ ಮಣ್ಣಿನ ತಟ್ಟೆಯಲ್ಲಿ ಬೆಣಚುಕಲ್ಲುಗಳನ್ನು ಹರಡಿ, ಕಲ್ಲುಗಳ ತಲೆ ನೀರಿನ ಮೇಲೆ ಉಳಿಯುವಷ್ಟು ನೀರು ಹಾಕಿ ನೆರಳಿನಲ್ಲಿಡಿ. ಕಲ್ಲಿಲ್ಲದ ಬೋಗುಣಿಯಲ್ಲಿ ಜೇನುಗಳು ಮುಳುಗಿ ಸಾಯುತ್ತವೆ. ಎರಡು ದಿನಕ್ಕೊಮ್ಮೆ ತಟ್ಟೆಯನ್ನು ಉಜ್ಜಿ ಹೊಸ ನೀರು ತುಂಬುವುದು ಕಡ್ಡಾಯ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಸುಮಾರು ಒಂದು ವಾರದಿಂದ ಹತ್ತು ದಿನ ತೆಗೆದುಕೊಳ್ಳುತ್ತದೆ, ಮೊಟ್ಟೆಗಳು ಪಾತ್ರೆಯ ಅಂಚಿಗೆ ಅಂಟಿರುತ್ತವೆ. ನೀರು ಚೆಲ್ಲಿದರೆ ಸಾಲದು, ಅಂಚನ್ನು ಉಜ್ಜಬೇಕು.

ಹಿತ್ತಲಿನಲ್ಲಿ ಬಿಸಿಲು ಬೀಳುವ ಒಂದು ಮೂಲೆಯ ನೆಲವನ್ನು ಹೊದಿಕೆಯಿಲ್ಲದೆ ಹಾಗೆಯೇ ಬಿಡಿ, ನೆಲದಲ್ಲಿ ಬಿಲ ತೋಡಿ ವಾಸಿಸುವ ಒಂಟಿ ಜೇನುಗಳಿಗೆ ಅದೇ ಮನೆ. ಅವುಗಳಲ್ಲೊಂದಾದ ನೀಲಿಪಟ್ಟೆ ಜೇನು ಬದನೆ ಮತ್ತು ಟೊಮೆಟೊಗೆ ಬಹಳ ಉಪಕಾರಿ. ಈ ಗಿಡಗಳ ಹೂವಿನಲ್ಲಿ ಪರಾಗವು ಸಣ್ಣ ರಂಧ್ರವಿರುವ ನಾಳದೊಳಗೆ ಇರುತ್ತದೆ. ಹೂವನ್ನು ಹಿಡಿದು ಮೈಯನ್ನು ಝುಂಯ್ ಎಂದು ಅದುರಿಸುವ ನೀಲಿಪಟ್ಟೆ ಜೇನು ಮತ್ತು ಬಡಗಿ ದುಂಬಿಗಳು ಅದನ್ನು ಚೆನ್ನಾಗಿ ಉದುರಿಸಬಲ್ಲವು. ತುಡುವೆಗೆ ಆ ಕಲೆ ಬಾರದು. ಜೇನುಪೆಟ್ಟಿಗೆ ಇಟ್ಟರೂ ಬದನೆ ಕಾಯಿ ಹೆಚ್ಚಲಿಲ್ಲ ಎನ್ನುವವರಿಗೆ ಉತ್ತರ ಇಲ್ಲಿದೆ. ಬಡಗಿ ದುಂಬಿಗೆ ಒಣಮರದ ದಿಮ್ಮಿಯೊಂದನ್ನು ಮೂಲೆಯಲ್ಲಿ ನಿಲ್ಲಿಸಿ.

ಎಲೆಕತ್ತರಿ ಜೇನಿನಂಥವುಗಳಿಗೆ ಬಿದಿರಿನ ತುಂಡುಗಳು ಬೇಕು. ಒಂದು ಗೇಣು ಉದ್ದ, ಒಳತೂತು 4ರಿಂದ 10 ಮಿಲಿಮೀಟರ್ ಇರುವ ತುಂಡುಗಳನ್ನು ಒಂದು ತುದಿ ಗಂಟಿನಿಂದ ಮುಚ್ಚಿರುವಂತೆ ಕತ್ತರಿಸಿ, ಬಾಯಿಯ ಸಿಬುರನ್ನು ಉಜ್ಜಿ ನುಣುಪಾಗಿಸಿ, ಹತ್ತಿಪ್ಪತ್ತನ್ನು ಕಟ್ಟಾಗಿ ಕಟ್ಟಿ, ಪೂರ್ವಕ್ಕೆ ಮುಖ ಮಾಡಿ, ಮಳೆ ನೀರು ಒಳಹೋಗದಂತೆ ಅಡ್ಡವಾಗಿ ಬಿಗಿಯಿರಿ. ಗಾಳಿಗೆ ತೂಗಾಡುವಂತೆ ನೇತುಹಾಕಿದರೆ ಯಾವ ಜೇನೂ ಒಳಸೇರುವುದಿಲ್ಲ. ಮರಿಗಳು ಹೊರಟ ಮೇಲೆ ವರ್ಷಕ್ಕೊಮ್ಮೆ ಹೊಸ ತುಂಡು ಕಟ್ಟಿ, ಹಳೆಯದರಲ್ಲಿ ಬೂಷ್ಟು ಮತ್ತು ನುಸಿ ಸೇರುತ್ತವೆ.

ಕುಂಡಗಳ ಕೆಳಗೆ ಉದುರಿದ ಒಣ ಎಲೆಗಳನ್ನು ಪೂರ್ತಿ ಗುಡಿಸಬೇಡಿ. ತಾರಸಿಯ ಬಿಳಿ ದೀಪವನ್ನು ರಾತ್ರಿ ಆರಿಸಿ. ಜಾಲರೆಕ್ಕೆ ಕೀಟಗಳೂ ಪತಂಗಗಳೂ ಅದರ ಸುತ್ತ ಸುತ್ತಿ ಬಳಲಿ ಹಲ್ಲಿಗಳ ಪಾಲಾಗುತ್ತವೆ.

6. ಇರುವೆಗಳನ್ನು ಗಿಡದಿಂದ ದೂರವಿಡಿ

ಹೇನು, ಹಿಟ್ಟು ತಿಗಣೆಗಳು ವಿಸರ್ಜಿಸುವ ಸಿಹಿ ಅಂಟಿಗಾಗಿ ಇರುವೆಗಳು ಅವುಗಳನ್ನು ಹಸುಗಳಂತೆ ಸಾಕುತ್ತವೆ, ಹತ್ತಿರ ಬಂದ ಗುಲಗಂಜಿ ಮರಿಯನ್ನು ಕಚ್ಚಿ ಓಡಿಸುತ್ತವೆ. ಮೇಲಿನ ಎಲ್ಲ ಹಂತಗಳನ್ನು ಪಾಲಿಸಿಯೂ ಫಲ ಕಾಣದ ತೋಟಗಳಲ್ಲಿ ಬಹುಮಟ್ಟಿಗೆ ಕಾರಣ ಇದೇ ಆಗಿರುತ್ತದೆ. ಕುಂಡದ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಿನಲ್ಲಿಟ್ಟು ನೀರಿಗೆ ಎರಡು ಹನಿ ಸೋಪಿನ ದ್ರಾವಣ ಹಾಕಿ. ಆಗ ಇರುವೆ ದಾಟುವುದಿಲ್ಲ, ಸೊಳ್ಳೆಯೂ ಬೆಳೆಯುವುದಿಲ್ಲ. ಗಿಡದ ಕೊಂಬೆ ಗೋಡೆಗೋ ಪಕ್ಕದ ಗಿಡಕ್ಕೋ ತಾಗುತ್ತಿದ್ದರೆ ಕತ್ತರಿಸಿ, ಅದು ಇರುವೆಗಳ ಸೇತುವೆ. ಇರುವೆಪುಡಿಯನ್ನು ಮಣ್ಣಿಗೆ ಹಾಕಬೇಡಿ.

7. ಪೀಡೆ ಮಿತಿಮೀರಿದಾಗ

ಮೊದಲ ಹೇನು ಕಂಡ ದಿನದಿಂದ ಮಿತ್ರಕೀಟಗಳ ಮರಿಗಳು ಕೆಲಸಕ್ಕೆ ತೊಡಗಲು ಸಾಮಾನ್ಯವಾಗಿ ಎರಡು ಮೂರು ವಾರ ಹಿಡಿಯುತ್ತದೆ. ಆ ನಡುವಿನ ದಿನಗಳನ್ನು ತಾಳುವುದೇ ಕಷ್ಟ. ಕೈಕಟ್ಟಿ ಕೂರಬೇಕಾಗಿಲ್ಲ: ತೀರ ಮುತ್ತಿದ ಕುಡಿಯನ್ನು ಚಿವುಟಿ, ಉಳಿದವನ್ನು ಪೈಪಿನ ನೀರಿನ ರಭಸಕ್ಕೆ ಉದುರಿಸಿ. ಕುಡಿಯನ್ನು ಚೀಲಕ್ಕೆ ಹಾಕುವ ಮುನ್ನ ಮಸೂರದಲ್ಲಿ ನೋಡಿ. ಮೊಸಳೆಯಂಥ ಮರಿಯೋ ಊದಿದ ಗೋಧಿ ಬಣ್ಣದ ಹೇನುಗಳೋ ಇದ್ದರೆ ಅದನ್ನು ತಂಪಾದ ಜಾಗದಲ್ಲಿ ಬೇರೊಂದು ಗಿಡದ ಬುಡದಲ್ಲಿಡಿ.

ಇಷ್ಟಾದರೂ ಹತೋಟಿಗೆ ಬಾರದಿದ್ದರೆ, ಮಿತ್ರಕೀಟದ ಗುರುತೇ ಇಲ್ಲದ ಕೊಂಬೆಗೆ ಮಾತ್ರ ಬೇವಿನೆಣ್ಣೆ ಬಳಸಿ. ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಎಣ್ಣೆಯನ್ನು ಚೂರು ಸೋಪಿನ ದ್ರಾವಣದೊಂದಿಗೆ ಬಿಳಿಯಾಗುವವರೆಗೆ ಕಲಕಿ, ಎಲೆಯ ಕೆಳಮೈ ತೊಯ್ಯುವಂತೆ ಸಿಂಪಡಿಸಬೇಕು. ಬಿಸಿಲಿನಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ, ಹಾಗಾಗಿ ಸಂಜೆಯೇ ಸರಿ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಬಳ್ಳಿಗಳ ವಿಷಯದಲ್ಲಿ ಈ ಮಾತನ್ನು ಕಣ್ಣುಮುಚ್ಚಿ ಒಪ್ಪಬಾರದು. ಸಿಹಿಗುಂಬಳದ ಹೂ ನಸುಕಿಗೆ ಅರಳಿ ಮಧ್ಯಾಹ್ನದೊಳಗೆ ಮುದುಡುತ್ತದೆ, ಅದಕ್ಕೆ ಸಂಜೆಯ ಸಿಂಪಡಣೆಯಿಂದ ತೊಂದರೆಯಿಲ್ಲ. ಹೀರೆ, ಸೋರೆ, ಪಡುವಲಗಳ ಹೂ ಸಂಜೆಗೇ ಅರಳುತ್ತದೆ, ಪರಾಗಸ್ಪರ್ಶಕಗಳು ಆಗಲೇ ಬರುತ್ತವೆ. ಈ ಬಳ್ಳಿಗಳಿಗೆ ಬೆಳಿಗ್ಗೆ ಬಿಸಿಲೇರುವ ಮುನ್ನ, ಹೂವಿಗೆ ತಾಗದಂತೆ ಎಲೆಗೆ ಮಾತ್ರ ಸಿಂಪಡಿಸಿ.

ಎಲೆ ತಿನ್ನುವ ಹುಳುಗಳಿಗೆ ಬಳಸುವ ಬಿ.ಟಿ., ಅಂದರೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾದ ಪುಡಿ, ಗುಲಗಂಜಿ ಮತ್ತು ಜೇನುಗಳಿಗೆ ತೊಂದರೆ ಮಾಡದು. ಚಿಟ್ಟೆಯ ಮರಿಯನ್ನು ಮಾತ್ರ ಅದು ಪೀಡೆಯಿಂದ ಬೇರೆ ಮಾಡಿ ನೋಡಲಾರದು. ಆದ್ದರಿಂದ ಚಿಟ್ಟೆಯ ಮರಿಗಳು ಬೆಳೆಯುವ ಕರಿಬೇವು, ನಿಂಬೆಗಳ ಮೇಲೆ ಅದನ್ನು ಬಳಸದಿರಿ.

8. ಕೊಂಡು ತರುವುದು ಯಾವಾಗ ಸರಿ?

ಸುತ್ತಲೂ ಕಟ್ಟಡಗಳೇ ಇದ್ದು, ಹಿಟ್ಟು ತಿಗಣೆ ಹಲವು ಗಿಡಗಳಿಗೆ ಹಬ್ಬಿದ್ದು, ಒಂದು ತಿಂಗಳು ಕಾದರೂ ಯಾವ ಮಿತ್ರಕೀಟವೂ ಕಾಣದಿದ್ದರೆ ಆಗ ತರುವುದು ಉಚಿತ. ಹೊರಗಿನಿಂದ ತಂದ ಸಣ್ಣ ಕಣಜವೊಂದು ಎಷ್ಟು ಕೆಲಸ ಮಾಡಬಲ್ಲದು ಎಂಬುದಕ್ಕೆ ನಮ್ಮ ಕಣ್ಣೆದುರಿನ ಉದಾಹರಣೆಯೇ ಇದೆ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪಪ್ಪಾಯಿ ಹಿಟ್ಟು ತಿಗಣೆ ಪಪ್ಪಾಯಿ, ಹಿಪ್ಪುನೇರಳೆ, ಮರಗೆಣಸುಗಳನ್ನು ಹಾಳುಗೆಡವುತ್ತ ಹರಡಿದಾಗ, ಬೆಂಗಳೂರಿನ ಹೆಬ್ಬಾಳದಲ್ಲಿರುವ, ಈಗ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಎಂಬ ಹೆಸರಿನ ಸಂಸ್ಥೆಯು 2010ರಲ್ಲಿ ಪೋರ್ಟೊ ರಿಕೋದಿಂದ ಅಸೆರೋಫೇಗಸ್ ಪಪಾಯೆ ಎಂಬ ಪರಾವಲಂಬಿಯನ್ನು ತರಿಸಿ, ಬೆಳೆಸಿ ಬಿಡುಗಡೆ ಮಾಡಿತು. ವಿಷ ಸಿಂಪಡಿಸಿ ಸೋತ ತೋಟಗಳಲ್ಲಿ ಅದು ಪೀಡೆಯನ್ನು ಹತೋಟಿಗೆ ತಂದಿತು. ಹಿಪ್ಪುನೇರಳೆ ಸೊಪ್ಪಿಗೆ ವಿಷ ಹೊಡೆದರೆ ರೇಷ್ಮೆ ಹುಳುಗಳಿಗೇ ಅಪಾಯ ಎಂಬುದನ್ನು ಯೋಚಿಸಿದರೆ ಆ ಕೆಲಸದ ಬೆಲೆ ತಿಳಿಯುತ್ತದೆ.

ಕಾಯಿಕೊರಕಗಳ ಮೊಟ್ಟೆಗೆ ಬಳಸುವ ಟ್ರೈಕೋಗ್ರಾಮ ಕಾರ್ಡ್ ಎಂದರೆ ಅಕ್ಕಿ ಪತಂಗದ ಮೊಟ್ಟೆಗಳನ್ನು ಅಂಟಿಸಿದ ಕಾಗದ; ಅವುಗಳೊಳಗೆ ಒಂದು ಮಿಲಿಮೀಟರಿಗಿಂತ ಚಿಕ್ಕದಾದ ಕಣಜಗಳು ಬೆಳೆಯುತ್ತಿರುತ್ತವೆ. ಒಂದು ಕಾರ್ಡಿನಲ್ಲಿ ಸುಮಾರು 20,000 ಮೊಟ್ಟೆಗಳಿರುವುದರಿಂದ ಒಂದು ತಾರಸಿಗೆ ಅದು ಬಹಳ ಹೆಚ್ಚು. ನಾಲ್ಕೈದು ಮನೆಯವರು ಸೇರಿ ತರಿಸಿಕೊಂಡು ತುಂಡು ಮಾಡಿ ಹಂಚಿಕೊಳ್ಳಿ. ಹೂ ಬಿಡಲು ಪ್ರಾರಂಭವಾದಾಗ, ಸಂಜೆ, ಎಲೆಯ ಕೆಳಮೈಗೆ ಪಿನ್ ಮಾಡಿ. ಹುಳು ಆಗಲೇ ಕಾಯಿಯೊಳಗೆ ಹೊಕ್ಕಿದ್ದರೆ ಈ ಕಾರ್ಡಿನಿಂದ ಪ್ರಯೋಜನವಿಲ್ಲ, ಏಕೆಂದರೆ ಅದು ಮೊಟ್ಟೆಯ ಹಂತಕ್ಕೆ ಮಾತ್ರ. ಇರುವೆ ಏರುವ ಗಿಡಕ್ಕೆ ಕಟ್ಟಿದರೆ ಬೆಳಗಾಗುವುದರೊಳಗೆ ಮೊಟ್ಟೆಗಳೆಲ್ಲ ಇರುವೆಯ ಪಾಲು.

ಕ್ರಿಪ್ಟೋಲೀಮಸ್ ತಂದರೆ ಬಿಡುವ ಮುನ್ನ ಹದಿನೈದು ದಿನ ಯಾವ ಸಿಂಪಡಣೆಯೂ ಆಗಿರಬಾರದು. ಹಿಂದಿನ ದಿನವೇ ಇರುವೆಗಳ ದಾರಿ ಮುಚ್ಚಿ, ಗಿಡಕ್ಕೆ ನೀರು ಚಿಮುಕಿಸಿ, ಸೂರ್ಯ ಇಳಿದ ಮೇಲೆ ಹಿಟ್ಟು ತಿಗಣೆ ದಟ್ಟವಾಗಿರುವ ಕೊಂಬೆಯ ಮೇಲೆಯೇ ಡಬ್ಬಿಯನ್ನು ತೆರೆಯಿರಿ. ಮರುದಿನ ಹಲವು ಹುಳುಗಳು ಹಾರಿಹೋದಂತೆ ಕಂಡರೂ ಅಷ್ಟರಲ್ಲಿ ಕೆಲವು ಹಿಟ್ಟಿನ ನಡುವೆ ಮೊಟ್ಟೆ ಇಟ್ಟಿರುತ್ತವೆ. ಸುಮಾರು ಹತ್ತು ದಿನಗಳ ಬಳಿಕ ಅದೇ ಕೊಂಬೆಯಲ್ಲಿ ಮೊದಲಿಗಿಂತ ದೊಡ್ಡದಾದ, ಉದ್ದನೆಯ ಬಿಳಿ ಎಳೆಗಳ, ಚುರುಕಾಗಿ ಓಡುವ ಹುಳುಗಳು ಕಾಣಿಸುತ್ತವೆ. ಪೀಡೆ ಇಮ್ಮಡಿಯಾಯಿತೆಂದು ಎಷ್ಟೋ ಮಂದಿ ಸಿಂಪಡಣೆಯ ಬಾಟಲಿಯನ್ನು ಕೈಗೆತ್ತಿಕೊಳ್ಳುವುದು ಆ ದಿನವೇ. ಆ ಕೊಂಬೆಯನ್ನು ಇನ್ನೂ ಮೂರು ವಾರ ಮುಟ್ಟಬೇಡಿ.